ಆರ್‌ಪಿಒ ಆಟ ಮತ್ತು ಮೂರು ಗಜದ ಅನ್ಯಾಯ

ನಮಸ್ಕಾರ. ಕಳೆದ ಸಂಚಿಕೆಯ ಕೆಳಗೆ ವೀಕ್ಷಕರೊಬ್ಬರು ಬರೆದ ಮಾತಿನಿಂದಲೇ ಇಂದು ಆರಂಭಿಸುತ್ತೇನೆ. "ಸರ್, ಲೈನ್‌ಮನ್ ಎರಡು ಹೆಜ್ಜೆ ಮುಂದೆ ಹೋದರೆ ಏನಾಯಿತು? ಅವನು ಚೆಂಡನ್ನು ಮುಟ್ಟಿಯೂ ಇಲ್ಲ, ಹಿಡಿದೂ ಇಲ್ಲ. ಇಷ್ಟು ಚಿಕ್ಕ ವಿಷಯಕ್ಕೆ ಇಷ್ಟೊಂದು ಕೋಪವೇಕೆ?" ಎಂದು ಅವರು ಕೇಳಿದ್ದಾರೆ, ಹಲವರು ಹೌದೆಂದು ದನಿಗೂಡಿಸಿದ್ದಾರೆ. ಅಮೆರಿಕನ್ ಫುಟ್‌ಬಾಲಿನಲ್ಲಿ ಇಂದು ನಡೆಯುತ್ತಿರುವ ಅತಿ ದೊಡ್ಡ ಅನ್ಯಾಯ ಆ ಎರಡು ಹೆಜ್ಜೆಗಳಲ್ಲೇ ಅಡಗಿದೆ ಎಂಬುದು ನನ್ನ ವಾದ. ಪಾಸ್ ಎಸೆಯುವಾಗ ಲೈನ್‌ಮನ್‌ಗಳು, ಅಂದರೆ ಆಕ್ರಮಣ ಸಾಲಿನ ಆಟಗಾರರು, ಎಷ್ಟು ಮುಂದೆ ಹೋಗಬಹುದು ಎಂಬುದಕ್ಕೆ ಕಾಲೇಜು ಫುಟ್‌ಬಾಲಿನಲ್ಲಿರುವ ಮೂರು ಗಜದ ಮಿತಿಯನ್ನು ಒಂದು ಗಜಕ್ಕೆ ಇಳಿಸಬೇಕು. ಅದಕ್ಕಿಂತ ಕಡಿಮೆ ಯಾವ ಪರಿಹಾರವನ್ನೂ ನಾನು ಒಪ್ಪುವುದಿಲ್ಲ.

ಹೊಸಬರಿಗಾಗಿ ನಿಯಮವನ್ನು ಹೇಳಿಬಿಡುತ್ತೇನೆ. ಆಕ್ರಮಣ ತಂಡದ ಹನ್ನೊಂದು ಜನರಲ್ಲಿ ಸಾಲಿನ ನಡುವೆ ನಿಲ್ಲುವ ಐವರಿಗೆ, ಅಂದರೆ ಒಬ್ಬ ಸೆಂಟರ್, ಇಬ್ಬರು ಗಾರ್ಡ್, ಇಬ್ಬರು ಟ್ಯಾಕಲ್ ಎಂಬ ಲೈನ್‌ಮನ್‌ಗಳಿಗೆ, ಸಾಮಾನ್ಯವಾಗಿ ಪಾಸ್ ಹಿಡಿಯುವ ಅರ್ಹತೆ ಇರುವುದಿಲ್ಲ. ಆಕ್ರಮಣವನ್ನು ನಡೆಸುವ ಕ್ವಾರ್ಟರ್‌ಬ್ಯಾಕ್ ಮುಂದಕ್ಕೆ ಚೆಂಡು ಎಸೆಯುವುದಾದರೆ, ಚೆಂಡು ಅವನ ಕೈಬಿಡುವ ತನಕ ಈ ಐವರು ಸ್ಕ್ರಿಮೇಜ್ ಗೆರೆಯಿಂದ, ಅಂದರೆ ಆಟ ಆರಂಭವಾಗುವಾಗ ಚೆಂಡು ಇರುವ ಗೆರೆಯಿಂದ, ತೀರಾ ಮುಂದಕ್ಕೆ ಹೋಗಿರಬಾರದು. ವೃತ್ತಿಪರ ಎನ್‌ಎಫ್‌ಎಲ್‌ನಲ್ಲಿ ಈ ಮಿತಿ ಒಂದು ಗಜ, ಎನ್‌ಸಿಎಎ ನಡೆಸುವ ಕಾಲೇಜು ಆಟದಲ್ಲಿ ಮೂರು ಗಜ. ಮೀರಿದರೆ ಎರಡು ಕಡೆಯೂ ಐದು ಗಜದ ದಂಡ. ಗೆರೆಯ ಹಿಂದೆಯೇ ಹಿಡಿಯುವ ಪುಟ್ಟ ಸ್ಕ್ರೀನ್ ಪಾಸುಗಳಿಗೆ ಕಾಲೇಜಿನಲ್ಲಿ ಈ ಮಿತಿ ಅನ್ವಯಿಸುವುದಿಲ್ಲ. ಅದರ ಬಗ್ಗೆ ನನಗೆ ತಕರಾರಿಲ್ಲ. ನನ್ನ ತಕರಾರು ಗೆರೆ ದಾಟಿ ಹೋಗುವ ಪಾಸಿನ ಬಗ್ಗೆ, ಅದರಲ್ಲೂ ಆರ್‌ಪಿಒ, ಅಂದರೆ ಓಟವೋ ಪಾಸೋ ಎಂದು ಚೆಂಡು ಕೈಗೆ ಬಂದ ಮೇಲೆ ತೀರ್ಮಾನಿಸುವ ಆಟದ ಬಗ್ಗೆ.

ಈಗ ಒಬ್ಬ ಲೈನ್‌ಬ್ಯಾಕರ್‌ನ, ಅಂದರೆ ರಕ್ಷಣಾ ಸಾಲಿನ ಹಿಂದೆ ನಿಲ್ಲುವ ಆಟಗಾರನ, ಜಾಗದಲ್ಲಿ ನಿಂತು ನೋಡೋಣ. ಅವನು ಗೆರೆಯಿಂದ ನಾಲ್ಕೈದು ಗಜ ಹಿಂದೆ ನಿಂತಿದ್ದಾನೆ. ಎದುರಿನ ಗಾರ್ಡ್‌ನ ತಲೆಯನ್ನು ನೋಡು ಎಂದು ಶಾಲೆಯ ದಿನಗಳಿಂದಲೂ ಅವನಿಗೆ ಹೇಳಿಕೊಟ್ಟಿದ್ದಾರೆ. ಗಾರ್ಡ್ ತಲೆ ಎತ್ತಿ ಹಿಂದಕ್ಕೆ ಸರಿದರೆ ಪಾಸ್ ಬರುತ್ತದೆ, ನೀನೂ ಹಿಂದೆ ಸರಿ. ತಲೆ ತಗ್ಗಿಸಿ ಮುನ್ನುಗ್ಗಿದರೆ ಓಟ ಬರುತ್ತದೆ, ನೀನೂ ನುಗ್ಗಿ ಸಂದಿಯನ್ನು ಮುಚ್ಚು. ಸ್ನ್ಯಾಪ್ ಆಯಿತು, ಅಂದರೆ ಸೆಂಟರ್ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಶುರುವಾಯಿತು. ನೂರ ಮೂವತ್ತು, ನೂರ ನಲವತ್ತು ಕಿಲೋ ತೂಗುವ ಗಾರ್ಡ್ ತಲೆ ತಗ್ಗಿಸಿ ನೇರವಾಗಿ ಇವನ ಮೇಲೆಯೇ ಬರುತ್ತಿದ್ದಾನೆ. ಇವನು ಕಲಿತಂತೆ ಮುಂದಕ್ಕೆ ಹೆಜ್ಜೆ ಇಡುತ್ತಾನೆ. ಅತ್ತ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಓಟಗಾರನ ಹೊಟ್ಟೆಗೆ ಒತ್ತಿ ಹಿಡಿದು, ಕಣ್ಣನ್ನು ಮಾತ್ರ ಇದೇ ಲೈನ್‌ಬ್ಯಾಕರ್‌ನ ಮೇಲೆ ನೆಟ್ಟಿದ್ದಾನೆ. ಇವನು ಮುಂದೆ ಬಂದದ್ದೇ ತಡ, ಚೆಂಡನ್ನು ಹೊರಗೆಳೆದು ಇವನು ಖಾಲಿ ಬಿಟ್ಟ ಜಾಗಕ್ಕೇ ಎಸೆಯುತ್ತಾನೆ. ಹನ್ನೆರಡು ಗಜ ಸಿಕ್ಕಿತು, ಗ್ಯಾಲರಿಯಲ್ಲಿ ಚಪ್ಪಾಳೆ, ವೀಕ್ಷಕ ವಿವರಣೆಕಾರರ ಬಾಯಲ್ಲಿ "ಲೈನ್‌ಬ್ಯಾಕರ್ ಮೋಸಹೋದ" ಎಂಬ ಮಾತು.

ಅವನು ಮಾಡಿದ ತಪ್ಪಾದರೂ ಏನು? ತನ್ನ ಮುಂದೆ ಕಂಡ ಸತ್ಯವನ್ನು ನಂಬಿದ್ದು! ಮೈದಾನದಲ್ಲಿ ರಕ್ಷಣಾ ಆಟಗಾರನಿಗೆ ಇರುವ ಒಂದೇ ಪ್ರಾಮಾಣಿಕ ಸುಳಿವು ಲೈನ್‌ಮನ್‌ನ ಚಲನೆ. ಕ್ವಾರ್ಟರ್‌ಬ್ಯಾಕ್ ನಟಿಸಬಹುದು, ಓಟಗಾರ ನಟಿಸಬಹುದು, ಪಾಸ್ ಹಿಡಿಯುವ ರಿಸೀವರ್ ನಟಿಸಬಹುದು. ಲೈನ್‌ಮನ್ ಮಾತ್ರ ನಟಿಸಬಾರದು ಎಂಬುದೇ ಈ ನಿಯಮದ ಜೀವ. ಮೂರು ಗಜ ಎಂದರೆ ಸುಮಾರು 2.7 ಮೀಟರ್. ನಾಲ್ಕೈದು ಗಜ ದೂರದಲ್ಲಿ ನಿಂತ ಲೈನ್‌ಬ್ಯಾಕರ್ ಒಂದು ಹೆಜ್ಜೆ ಮುಂದಿಟ್ಟರೆ ಸಾಕು, ಮೂರು ಗಜ ಬಂದ ಗಾರ್ಡ್ ಅವನ ಎದೆಗೆ ಎದೆ ಕೊಟ್ಟು ನಿಂತಿರುತ್ತಾನೆ. ಹಾಗೆ ಎದೆಗೆ ಬಂದು ಗುದ್ದುವ ಮನುಷ್ಯನನ್ನು ಕಂಡು "ಇದು ಪಾಸ್ ಇರಬಹುದು" ಎಂದು ಯೋಚಿಸುತ್ತ ನಿಲ್ಲುವುದು ಯಾರಿಂದ ಸಾಧ್ಯ? ಮಿತಿ ಒಂದೇ ಗಜವಾಗಿದ್ದರೆ ಗಾರ್ಡ್ ಗೆರೆಯ ಬಳಿಯೇ, ಎದುರಿನ ಸಾಲಿನವನನ್ನು ತಳ್ಳುತ್ತ ಉಳಿಯಬೇಕಾಗುತ್ತದೆ, ಲೈನ್‌ಬ್ಯಾಕರ್‌ಗೆ ಅರೆಕ್ಷಣದ ನ್ಯಾಯ ದೊರೆಯುತ್ತದೆ. ನಾನು ಕೇಳುತ್ತಿರುವುದು ಆ ಅರೆಕ್ಷಣವನ್ನು ಮಾತ್ರ.

"ಕ್ವಾರ್ಟರ್‌ಬ್ಯಾಕ್ ಎಸೆಯುತ್ತಾನೋ ಇಲ್ಲವೋ ಎಂಬುದು ಪಾಪ ಲೈನ್‌ಮನ್‌ಗೇ ಗೊತ್ತಿರುವುದಿಲ್ಲ, ಅವನನ್ನೇಕೆ ದೂರುತ್ತೀರಿ?" ಎಂದು ಕೆಲವರು ಕೇಳುತ್ತಾರೆ. ನಾನು ಅವನನ್ನು ದೂರುತ್ತಲೇ ಇಲ್ಲ. ಅವನಿಗೆ ಗೊತ್ತಿಲ್ಲದಂತೆ ಆಟವನ್ನು ಹೆಣೆದವರು ತರಬೇತುದಾರರು. ಅದಕ್ಕೆ ಬಾಗಿಲು ತೆರೆದಿಟ್ಟವರು ನಿಯಮ ಬರೆದವರು. ಗೊತ್ತಿಲ್ಲದೆ ಮುಂದೆ ಹೋಗುವವನು ಒಂದೇ ಗಜ ಹೋಗಲಿ. ಅಷ್ಟರೊಳಗೆ ಚೆಂಡು ಎಸೆಯಲು ಕ್ವಾರ್ಟರ್‌ಬ್ಯಾಕ್‌ಗೆ ಆಗದಿದ್ದರೆ ಚೆಂಡನ್ನು ಓಟಗಾರನಿಗೇ ಕೊಡಲಿ.

ಇನ್ನೊಂದು ವಾದವಂತೂ ಕೇಳಿ ಕೇಳಿ ಸಾಕಾಗಿದೆ: "ಒಂದು ಗಜ ಮಾಡಿದರೆ ಆರ್‌ಪಿಒ ಸತ್ತೇಹೋಗುತ್ತದೆ." ಸತ್ತೇಹೋಗುತ್ತದೆಯೇ? 2018ರ ಫೆಬ್ರವರಿ 4ರಂದು ಮಿನಿಯಾಪೊಲಿಸ್‌ನಲ್ಲಿ ನಡೆದ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯ ಸೂಪರ್ ಬೌಲನ್ನು ನೆನಪಿಸಿಕೊಳ್ಳಿ. ಗಾಯಗೊಂಡ ಕಾರ್ಸನ್ ವೆಂಟ್ಜ್ ಬದಲಿಗೆ ಬಂದ ನಿಕ್ ಫೋಲ್ಸ್, ಡಗ್ ಪೀಡರ್ಸನ್ ಅವರ ತರಬೇತಿಯ ಫಿಲಡೆಲ್ಫಿಯಾ ಈಗಲ್ಸ್ ತಂಡವನ್ನು ನ್ಯೂ ಇಂಗ್ಲೆಂಡ್ ಪೇಟ್ರಿಯಾಟ್ಸ್ ವಿರುದ್ಧ 41-33ರಿಂದ ಗೆಲ್ಲಿಸಿದರು. ಆರ್‌ಪಿಒ ಎಂಬ ಹೆಸರು ಮನೆಮನೆಯ ಟಿವಿಯಲ್ಲಿ ಕೇಳಿಬಂದದ್ದೇ ಆ ತಂಡದ ಆಟದಿಂದ, ಮತ್ತು ಆ ತಂಡ ಆಡಿದ್ದು ಒಂದು ಗಜದ ನಿಯಮದಡಿ. ಲೈನ್‌ಮನ್‌ಗಳು ಗೆರೆಯ ಬಳಿ ಶಿಸ್ತಿನಿಂದ ಉಳಿದರು, ಫೋಲ್ಸ್ ಬೇಗ ಚೆಂಡು ಬಿಟ್ಟರು, ಆಟ ಸುಂದರವಾಗಿಯೇ ಇತ್ತು. ಒಂದು ಗಜದಲ್ಲಿ ಪ್ರಶಸ್ತಿಯನ್ನೇ ಗೆಲ್ಲಬಹುದಾದರೆ ಕಾಲೇಜಿನವರಿಗೆ ಮೂರು ಗಜ ಏಕೆ ಬೇಕು? ಈ ಪ್ರಶ್ನೆಯನ್ನು ನಾನು ಕೇಳುತ್ತಲೇ ಇದ್ದೇನೆ, ಉತ್ತರ ಮಾತ್ರ ಯಾರಿಂದಲೂ ಬಂದಿಲ್ಲ.

ಮೂರು ಗಜ ಏನು ಮಾಡುತ್ತದೆ ಎಂಬುದಕ್ಕೆ 2013ರ ನವೆಂಬರ್ 30ರಂದು ಅಲಬಾಮಾ, ಆಬರ್ನ್ ಕಾಲೇಜು ತಂಡಗಳ ನಡುವೆ ನಡೆದ ಐರನ್ ಬೌಲ್ ಪಂದ್ಯವನ್ನು ನೋಡಿ. ಆಬರ್ನ್ ವಿರುದ್ಧ ಅಲಬಾಮಾ 28-21ರ ಮುನ್ನಡೆಯಲ್ಲಿದೆ, ಪಂದ್ಯ ಮುಗಿಯುತ್ತ ಬಂದಿದೆ. ಆಬರ್ನ್‌ನ ನಿಕ್ ಮಾರ್ಷಲ್ ಚೆಂಡು ಹಿಡಿದು ಎಡಬದಿಗೆ ಓಡುತ್ತಾರೆ, ಮುಂದೆ ಲೈನ್‌ಮನ್‌ಗಳು ಓಟಕ್ಕೆಂಬಂತೆಯೇ ನುಗ್ಗುತ್ತಿದ್ದಾರೆ, ಅಂಚಿನ ರಕ್ಷಣಾ ಆಟಗಾರ ಓಟ ತಡೆಯಲು ಮುಂದೆ ಬರುತ್ತಾನೆ. ಗೆರೆ ತಲುಪುವ ಮುನ್ನ ಮಾರ್ಷಲ್ ಚೆಂಡನ್ನು ಸ್ಯಾಮಿ ಕೋಟ್ಸ್‌ಗೆ ಎಸೆಯುತ್ತಾರೆ. ಕೋಟ್ಸ್ ಸುತ್ತ ಯಾರೂ ಇಲ್ಲ. 39 ಗಜದ ಟಚ್‌ಡೌನ್, ಉಳಿದದ್ದು 32 ಸೆಕೆಂಡು, 28-28. ಆಮೇಲೆ ಕೊನೆಯ ಸೆಕೆಂಡಿನಲ್ಲಿ ಅಲಬಾಮಾ ಗೋಲುಕಂಬದತ್ತ ಒದ್ದ ಫೀಲ್ಡ್ ಗೋಲ್ ಗುರಿ ತಲುಪದೆ ಬಿದ್ದಾಗ, ಅದನ್ನು ಹಿಡಿದು ಮೈದಾನದುದ್ದಕ್ಕೂ ಓಡಿದ ಕ್ರಿಸ್ ಡೇವಿಸ್‌ರನ್ನು ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ, ಆಬರ್ನ್ 34-28ರಿಂದ ಗೆದ್ದಿತು. ಅದು ಅದ್ಭುತ ಓಟ, ಒಪ್ಪುತ್ತೇನೆ. ಆದರೆ ಅದಕ್ಕೆ ದಾರಿ ಮಾಡಿಕೊಟ್ಟ ಆ ಪಾಸಿನ ಹೊತ್ತಿಗೆ ಲೈನ್‌ಮನ್‌ಗಳು ಎಲ್ಲಿದ್ದರು ಎಂಬ ಜಗಳ ಇಂದಿಗೂ ಮುಗಿದಿಲ್ಲ. ದಂಡ ಸೂಚಿಸುವ ಅಧಿಕಾರಿಗಳ ಬಾವುಟ ಬೀಳಲಿಲ್ಲ. ಮೂರು ಗಜದ ಒಳಗಿದ್ದರು ಎನ್ನುವವರಿಗೆ ನಾನು ಹೇಳುವುದಿಷ್ಟೇ: ಅಷ್ಟು ಮುಂದೆ ಹೋಗಿದ್ದೂ ಅದು ನಿಯಮಬದ್ಧವೇ ಆಗಿದ್ದರೆ, ತಪ್ಪು ಆ ನಿಯಮದ್ದು.

ಇದನ್ನು ಸರಿಪಡಿಸುವ ಅವಕಾಶವೂ ಬಂದಿತ್ತು. 2015ರಲ್ಲಿ ಎನ್‌ಸಿಎಎ ಫುಟ್‌ಬಾಲ್ ನಿಯಮ ಸಮಿತಿಯೇ ಮಿತಿಯನ್ನು ಒಂದು ಗಜಕ್ಕೆ ಇಳಿಸಲು ಶಿಫಾರಸು ಮಾಡಿತು. ಮೇಲ್ವಿಚಾರಣಾ ಸಮಿತಿ ಅದನ್ನು ಅಂಗೀಕರಿಸದೆ ಬದಿಗಿಟ್ಟಿತು. ನಿಯಮ ಬಲ್ಲವರು ಕುಳಿತು ಚರ್ಚಿಸಿ ತೀರ್ಮಾನಿಸಿದ್ದನ್ನು ಹಾಗೆ ಬದಿಗಿಟ್ಟದ್ದು ನನಗೆ ಇಂದಿಗೂ ನುಂಗಲಾರದ ತುತ್ತು.

ಮೂರು ಗಜವನ್ನು ಅಳೆಯುವವರು ಯಾರು ಎಂಬುದನ್ನೂ ಯೋಚಿಸಿ. ಗೆರೆಯ ಎರಡು ತುದಿಗಳಲ್ಲಿ ನಿಂತ ಅಧಿಕಾರಿಗಳ ಮುಂದೆ ರಿಸೀವರ್‌ಗಳು ಓಡುತ್ತಿರುತ್ತಾರೆ. ಲೈನ್‌ಬ್ಯಾಕರ್‌ಗಳ ಹಿಂದೆ ನಿಂತ ಅಂಪೈರ್‌ನ ಎದುರು ಹತ್ತಾರು ದೇಹಗಳು ಡಿಕ್ಕಿ ಹೊಡೆಯುತ್ತಿರುತ್ತವೆ. ಚೆಂಡು ಕೈಬಿಟ್ಟ ಕ್ಷಣ ಮತ್ತು ಗಾರ್ಡ್‌ನ ಕಾಲು ಇದ್ದ ಜಾಗ, ಎರಡನ್ನೂ ಒಟ್ಟಿಗೆ ನೋಡಬಲ್ಲ ಕಣ್ಣು ಯಾರಿಗೂ ಇಲ್ಲ. ಗೆರೆಯಿಂದ ಮೂರು ಗಜ ದೂರವನ್ನು ಕಣ್ಣಳತೆಯಲ್ಲಿ ಹೇಳುವುದಕ್ಕಿಂತ, ಗೆರೆಗೆ ಅಂಟಿಕೊಂಡ ಒಂದು ಗಜವನ್ನು ಹೇಳುವುದು ಎಷ್ಟೋ ಸುಲಭ. ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 2019ರ ಮಾರ್ಚ್ 28ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮುಂಬೈ ವಿರುದ್ಧ ಆರ್‌ಸಿಬಿಗೆ ಕೊನೆಯ ಎಸೆತದಲ್ಲಿ ಏಳು ರನ್ ಬೇಕಿತ್ತು. ಮಾಲಿಂಗ ಗೆರೆ ಮೀರಿ ಕಾಲಿಟ್ಟದ್ದು ಅಂಪೈರ್ ಕಣ್ಣಿಗೆ ಬೀಳಲಿಲ್ಲ, ಆರು ರನ್‌ಗಳಿಂದ ಸೋತೆವು. ಮರುವರ್ಷದ ಐಪಿಎಲ್‌ನಲ್ಲಿ ಮುಂಗಾಲಿನ ನೋ ಬಾಲ್ ನೋಡುವ ಹೊಣೆ ಮೂರನೇ ಅಂಪೈರ್‌ಗೆ ಬಂತು. ಕ್ರಿಕೆಟ್ ಒಂದೇ ವರ್ಷದಲ್ಲಿ ಎಚ್ಚೆತ್ತುಕೊಂಡಿತು, ಕಾಲೇಜು ಫುಟ್‌ಬಾಲ್ ಇನ್ನೂ ಮೂರು ಗಜವನ್ನೇ ಹಿಡಿದು ಕುಳಿತಿದೆ.

ಟೆಕ್ಸಾಸ್‌ನಲ್ಲಿ ನೆಲೆಸಿರುವ ನಮ್ಮವರಿಗೆ ಒಂದು ಮಾತು. ಬೇರೆ ರಾಜ್ಯಗಳಲ್ಲಿ ಸಾಮಾನ್ಯವಾಗಿ ಹೈಸ್ಕೂಲ್ ಆಟಕ್ಕೆ ಎರಡು ಗಜದ ಮಿತಿ ಇದ್ದರೆ, ಟೆಕ್ಸಾಸ್‌ನ ಸರ್ಕಾರಿ ಶಾಲೆಗಳು ಕಾಲೇಜಿನ ನಿಯಮಪುಸ್ತಕವನ್ನೇ ಆಧರಿಸಿ ಆಡುತ್ತವೆ. ಪ್ಲೇನೋ, ಫ್ರಿಸ್ಕೊ ಊರುಗಳಲ್ಲಿ ಶುಕ್ರವಾರ ರಾತ್ರಿ ನಿಮ್ಮ ಮಗ ಲೈನ್‌ಬ್ಯಾಕರ್ ಆಗಿ ನಿಂತಿದ್ದರೆ, ಅವನ ಎದೆಗೆ ಬರುವ ಗಾರ್ಡ್‌ಗೂ ಅದೇ ಮೂರು ಗಜದ ಸಲಿಗೆ ಇದೆ. ಅವನು ಪ್ರತಿ ಸಲವೂ ಸರಿಯಾಗಿ ನೋಡಿ, ಸರಿಯಾಗಿ ಹೆಜ್ಜೆ ಇಟ್ಟು, ಆಮೇಲೆ ತರಬೇತುದಾರರಿಂದ ಬೈಸಿಕೊಳ್ಳುತ್ತಾನೆ. ಆ ಹುಡುಗನ ಪರವಾಗಿ ಮಾತಾಡುವವರು ಯಾರು?

"ಜನರಿಗೆ ಅಂಕ ಬೇಕು, ರಕ್ಷಣೆ ಯಾರಿಗೆ ಬೇಕು" ಎಂಬ ಪ್ರತಿಕ್ರಿಯೆಗಳೂ ಬಂದಿವೆ. ಅವುಗಳಿಗೆ ನನ್ನ ಬಳಿ ಉತ್ತರವಿಲ್ಲ, ಉತ್ತರಿಸುವ ಮನಸ್ಸೂ ಇಲ್ಲ. ಆಟಕ್ಕೆ ಎರಡು ತಂಡ ಬೇಕು. ಒಂದು ತಂಡದ ಕಣ್ಣಿಗೆ ಬಟ್ಟೆ ಕಟ್ಟಿ ಗಳಿಸಿದ ಅಂಕವನ್ನು ನಾನು ಸಂಭ್ರಮಿಸಲಾರೆ. ಒಂದು ಗಜ ಮಾಡಿ. ಎರಡು ಗಜದ ರಾಜಿಯೂ ಬೇಡ, ಸಮಿತಿಯ ಇನ್ನೊಂದು ಸುತ್ತಿನ ಚರ್ಚೆಯೂ ಬೇಡ. ಒಂದೇ ಗಜ!

ಈ ಶನಿವಾರ ಕಾಲೇಜು ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಬಲಗಡೆಯ ಗಾರ್ಡ್‌ನನ್ನು ಮಾತ್ರ ನೋಡಿ. ಚೆಂಡು ಕೈಬಿಟ್ಟ ಕ್ಷಣಕ್ಕೆ ಚಿತ್ರ ನಿಲ್ಲಿಸಿ, ಅವನು ಎಷ್ಟು ಮುಂದಿದ್ದಾನೆಂದು ಎಣಿಸಿ, ಪಂದ್ಯದ ಹೆಸರು ಮತ್ತು ಸಮಯದೊಂದಿಗೆ ಪ್ರತಿಕ್ರಿಯೆಯಲ್ಲಿ ಬರೆಯಿರಿ. ಈ ವಾಹಿನಿಗೆ ಇನ್ನೂ ಚಂದಾದಾರರಾಗದವರು ಆಗಿ, ಏಕೆಂದರೆ ಮುಂದಿನ ಸಂಚಿಕೆಯಲ್ಲಿ ನೀವು ಕಳಿಸಿದ ಒಂದೊಂದನ್ನೂ ತೆರೆಯ ಮೇಲೆ ಗೆರೆ ಎಳೆದು ಅಳೆಯಲಿದ್ದೇನೆ.