ತುಂಟತನ ಇರಲಿ, ಕೆಲಸವೂ ಸಾಗಲಿ: ಮನೆಯೊಳಗಿನ ಆಫೀಸಿಗೆ ಅಲಂಕಾರ

ದೃಶ್ಯ: ಖಾಲಿ ಗೋಡೆ, ಒಂದು ಮೇಜು, ಒಂದು ಕುರ್ಚಿ.

ನಮಸ್ಕಾರ. ಮನೆಯಿಂದಲೇ ಕೆಲಸ ಮಾಡುವವರಿಗೆ ದಿನದ ಬಹುಪಾಲು ಕಳೆಯುವುದು ಒಂದೇ ಮೇಜಿನ ಮುಂದೆ. ಆ ಜಾಗ ನೋಡಿದ ಕೂಡಲೇ ಮನಸ್ಸು ಅರಳಬೇಕು, ಅಲ್ವಾ? ಹಾಗಂತ ದೀಪದ ಸರ, ಗೊಂಬೆ, ಪೋಸ್ಟರ್ ಅಂತ ತಂದು ತುಂಬಿದರೆ ನಾಲ್ಕೇ ದಿನಕ್ಕೆ ನೋಟ್‌ಬುಕ್ ಇಡಲೂ ಜಾಗ ಇರುವುದಿಲ್ಲ. ಧೂಳು ಒರೆಸುವುದೇ ಒಂದು ಕೆಲಸವಾಗುತ್ತದೆ.

ನಾನು ನಂಬಿರುವುದು ಇಷ್ಟು. ತುಂಟತನವನ್ನು ಬೇರೆಯಾಗಿ ಕೊಂಡು ತರಬೇಡಿ. ಹೇಗಿದ್ದರೂ ಬೇಕೇ ಬೇಕಾದ ವಸ್ತುಗಳಲ್ಲೇ ಅದನ್ನು ಸೇರಿಸಿ.

ದೃಶ್ಯ: ಬಿಳಿ ತಂತಿಯ ಚೌಕಟ್ಟು, ಅದರ ತುದಿಗಳಲ್ಲಿ ಬಣ್ಣಬಣ್ಣದ ಮರದ ಗುಂಡುಗಳು.

ಇದನ್ನು ನೋಡಿ. ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ 1953ರಲ್ಲಿ ರೂಪಿಸಿದ 'ಹ್ಯಾಂಗ್ ಇಟ್ ಆಲ್'. ಕೋಟು, ಚೀಲ ನೇತುಹಾಕುವ ಸ್ಟ್ಯಾಂಡ್, ಅಷ್ಟೇ. ಆದರೆ ಕೊಕ್ಕೆ ಇರಬೇಕಾದ ಕಡೆ ಬಣ್ಣದ ಗುಂಡುಗಳಿವೆ. ಮಕ್ಕಳು ತಮ್ಮ ಸಾಮಾನನ್ನು ತಾವೇ ನೇತುಹಾಕಲಿ ಅನ್ನುವುದು ಅವರ ಉದ್ದೇಶ. ಇಲ್ಲಿ ಅಲಂಕಾರ ಯಾವುದು, ಉಪಯೋಗ ಯಾವುದು ಅಂತ ಬೇರ್ಪಡಿಸಲು ಆಗುವುದಿಲ್ಲ. ಗುಂಡು ತೆಗೆದರೆ ಎರಡೂ ಹೋಯಿತು. ನಮ್ಮ ಆಫೀಸ್ ಮೂಲೆಯಲ್ಲೂ ಇಂಥ ವಸ್ತುಗಳೇ ಜಾಸ್ತಿ ಇರಲಿ.

ದೃಶ್ಯ: ಅಳತೆ ಟೇಪ್ ಹಿಡಿದ ಕೈ.

ಬಣ್ಣದ ಮಾತಿಗೆ ಮೊದಲು ಅಳತೆ. ಬೇಗ ಹೇಳಿ ಮುಗಿಸುತ್ತೇನೆ. ಸಾಮಾನ್ಯವಾಗಿ ಮೇಜಿನ ಎತ್ತರ 72ರಿಂದ 75 ಸೆಂ.ಮೀ. ಇರುತ್ತದೆ. ಟೈಪ್ ಮಾಡುವಾಗ ಭುಜ ಮೇಲೇಳಬಾರದು, ಮೊಣಕೈ ಹೆಚ್ಚುಕಡಿಮೆ 90 ಡಿಗ್ರಿಯಲ್ಲಿರಬೇಕು. ಪರದೆ ಒಂದು ತೋಳಿನಷ್ಟು ದೂರ ಇರಲಿ. ಅದರ ಮೇಲಂಚು ಕಣ್ಣಿನ ಮಟ್ಟಕ್ಕೆ ಅಥವಾ ಸ್ವಲ್ಪ ಕೆಳಗೆ ಬರಲಿ.

ಈ ಅಳತೆಗಳಲ್ಲೇ ಅಲಂಕಾರಕ್ಕೆ ಜಾಗ ಸಿಗುತ್ತದೆ. ಲ್ಯಾಪ್‌ಟಾಪ್ ಎತ್ತರಿಸಬೇಕೇ? ಗಟ್ಟಿ ರಟ್ಟಿನ ಹಳೆಯ ದಪ್ಪ ಪುಸ್ತಕಗಳನ್ನು ಬಣ್ಣ ನೋಡಿ ಜೋಡಿಸಿ, ಅದರ ಮೇಲಿಡಿ. ಆಗ ಬೇರೆ ಕೀಬೋರ್ಡ್, ಮೌಸ್ ಬೇಕಾಗುತ್ತವೆ. ಕಾಲು ನೆಲಕ್ಕೆ ಎಟುಕುತ್ತಿಲ್ಲವೇ? ಒಂದು ಗಟ್ಟಿ ಮರದ ಪೆಟ್ಟಿಗೆಗೆ ನಿಮಗಿಷ್ಟವಾದ ಚಿತ್ತಾರದ ಬಟ್ಟೆ ಹೊದಿಸಿ ಕಾಲಿನ ಕೆಳಗಿಡಿ.

ದೃಶ್ಯ: ಕುರ್ಚಿಯಲ್ಲಿ ಕೂತವರ ಕಣ್ಣಿನಿಂದ ಕೋಣೆ. ಮೊದಲು ಎದುರು, ಆಮೇಲೆ ಪಕ್ಕ.

ಈಗ ಗೋಡೆ. ಹೆಚ್ಚಿನವರು ತಮ್ಮ ಅತಿ ಇಷ್ಟದ ಚಿತ್ರಗಳನ್ನೆಲ್ಲ ಪರದೆಯ ಹಿಂದಿನ ಗೋಡೆಗೇ ಹಾಕುತ್ತಾರೆ. ನನ್ನ ಪ್ರಕಾರ ಆ ಗೋಡೆ ಸುಮ್ನೆ ಇರಬೇಕು. ನೀವು ಓದುತ್ತಿರುವ ಸಾಲಿನ ಹಿಂದೆಯೇ ಹತ್ತು ಬಣ್ಣ ಕುಣಿಯುತ್ತಿದ್ದರೆ ಕಣ್ಣು ಅಲ್ಲಿಗೇ ಎಳೆಯುತ್ತದೆ. ಅಲ್ಲಿಗೆ ಹೊಳಪಿಲ್ಲದ ಪೇಂಟ್, ತಣ್ಣನೆಯ ಒಂದೇ ಬಣ್ಣ ಸಾಕು. ಹೊಳೆಯುವ ಪೇಂಟಾದರೆ ದೀಪದ ಬೆಳಕು ಅದರ ಮೇಲೆ ಬಿದ್ದು ಕಣ್ಣಿಗೆ ಹೊಡೆಯುತ್ತದೆ.

ಚಿತ್ರಗಳೆಲ್ಲ ಪಕ್ಕದ ಗೋಡೆಗೆ ಹೋಗಲಿ, ಅದೂ ಆದಷ್ಟು ದೂರದ ಕಡೆಗೆ. ಕಣ್ಣಿಗೆ ಬಿಡುವು ಕೊಡಲು 20-20-20 ಅನ್ನುವ ಕ್ರಮ ಇದೆ. ಪ್ರತಿ 20 ನಿಮಿಷಕ್ಕೊಮ್ಮೆ, 20 ಅಡಿ ದೂರದ ಏನನ್ನಾದರೂ, 20 ಸೆಕೆಂಡು ನೋಡಬೇಕು. ಕೋಣೆ ಅಷ್ಟು ದೊಡ್ಡದಿರುವುದು ಅಪರೂಪ. ಕಿಟಕಿಯ ಆಚೆಗೆ, ಇಲ್ಲವೇ ತೆರೆದ ಬಾಗಿಲಿನ ಆಚೆಗೆ ಕಣ್ಣು ಹೋಗುವಂತೆ ಕುರ್ಚಿ ಇಟ್ಟುಕೊಳ್ಳಿ. ಆ ದಾರಿಯಲ್ಲೇ ಒಂದು ತಮಾಷೆಯ ವಸ್ತು ಇರಲಿ. ಬಾಗಿಲಾಚೆಯ ಗೋಡೆಯ ಬುಡದಲ್ಲಿ ಅಂಗೈಯಷ್ಟು ಪುಟ್ಟ ಬಾಗಿಲಿನ ಚಿತ್ರ ಬರೆಯಿರಿ, ಇಲಿಯ ಮನೆಗೆ ಹೋಗುವಂಥದ್ದು. ನೆನಪಿಸುವವರು ಇಲ್ಲದಿದ್ದರೂ ಕಣ್ಣು ಅತ್ತ ಹೋಗುತ್ತದೆ.

ದೃಶ್ಯ: ಡ್ರಾಯರಿನ ಹಿಡಿ, ತೀರಾ ಹತ್ತಿರದಿಂದ.

ನನಗೆ ಅತಿ ಇಷ್ಟದ ಕೆಲಸ ಇದು. ಡ್ರಾಯರಿನ ಹಿಡಿ ಬದಲಿಸುವುದು. ಒಂದೇ ತೂತಿನ ಗುಂಡು ಹಿಡಿ ಇದ್ದರೆ ನೀವು ಪುಣ್ಯವಂತರು. ಡ್ರಾಯರ್ ತೆರೆದು ಒಳಗಿನಿಂದ ಸ್ಕ್ರೂ ಬಿಚ್ಚಿದರೆ ಹಿಡಿ ಕೈಗೆ ಬರುತ್ತದೆ. ಒಂದಕ್ಕೆ ಪಿಂಗಾಣಿಯದು, ಇನ್ನೊಂದಕ್ಕೆ ಗಾಜಿನದು, ಮತ್ತೊಂದಕ್ಕೆ ಆನೆಯ ಆಕಾರದ್ದು. ಯಾವ ಡ್ರಾಯರಿನಲ್ಲಿ ಏನಿದೆ ಅಂತ ಲೇಬಲ್ ಅಂಟಿಸುವುದೇ ಬೇಡ. ಆನೆಯಲ್ಲಿ ಬಿಲ್ಲು, ಗಾಜಿನದರಲ್ಲಿ ಚಾರ್ಜರ್. ಎರಡು ತೂತಿನ ಉದ್ದ ಹಿಡಿಯಾದರೆ ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆಯಿರಿ. 96 ಅಥವಾ 128 ಮಿ.ಮೀ. ಸಾಮಾನ್ಯ. ಆ ಅಳತೆ ತಪ್ಪಿದರೆ ಹೊಸ ಹಿಡಿ ಕೂರುವುದಿಲ್ಲ. ಹಲಗೆಯ ದಪ್ಪವನ್ನೂ ನೋಡಿಕೊಳ್ಳಿ, ಸ್ಕ್ರೂ ಗಿಡ್ಡವಾದರೆ ಹಿಡಿಗೆ ಸರಿಯಾಗಿ ಕಚ್ಚುವುದಿಲ್ಲ, ಉದ್ದವಾದರೆ ಹಿಡಿ ಅಲ್ಲಾಡುತ್ತದೆ.

ಡ್ರಾಯರಿನ ತಳಕ್ಕೆ ಗಾಢ ಬಣ್ಣ ಬಳಿಯಿರಿ, ಇಲ್ಲವೇ ಚಿತ್ತಾರದ ಕಾಗದ ಹಾಸಿ. ಮುಚ್ಚಿದಾಗ ಕಾಣುವುದಿಲ್ಲ, ತೆರೆದಾಗೆಲ್ಲ ಖುಷಿ. ಒಳಗಿನ ಕ್ಲಿಪ್ಪು, ಪಿನ್ನು ಕೂಡ ಬೇಗ ಕಣ್ಣಿಗೆ ಬೀಳುತ್ತವೆ.

ದೃಶ್ಯ: ತೂತುಗಳಿರುವ ಪೆಗ್‌ಬೋರ್ಡ್, ಅದರ ಮೇಲೆ ಕತ್ತರಿಯ ಆಕಾರದ ಹಳದಿ ನೆರಳು.

ಪೆಗ್‌ಬೋರ್ಡ್ ಗೊತ್ತಲ್ಲ, ಸಾಲುಸಾಲು ತೂತಿರುವ ಹಲಗೆ. ಇದನ್ನು ಗೋಡೆಗೆ ಒತ್ತಿ ಹೊಡೆಯಬೇಡಿ. ಕೊಕ್ಕೆಯ ಹಿಂಭಾಗ ಒಳಗೆ ಹೋಗಿ ಸಿಕ್ಕಿಕೊಳ್ಳಲು ಸಂದು ಬೇಕು. ಹಿಂದೆ ತೆಳು ಮರದ ಪಟ್ಟಿ ಕೊಟ್ಟು ಕೂರಿಸಿ. ಆಮೇಲೆ ಕತ್ತರಿ, ಟೇಪು, ಹೆಡ್‌ಫೋನ್ ಎಲ್ಲವನ್ನೂ ನೇತುಹಾಕಿ, ಪೆನ್ಸಿಲಿನಲ್ಲಿ ಅವುಗಳ ಸುತ್ತ ಗೆರೆ ಎಳೆದು, ಒಳಗೆ ಬಣ್ಣ ತುಂಬಿ. ಕತ್ತರಿ ಇಲ್ಲದಾಗ ಅದರ ಹಳದಿ ನೆರಳು ಕಾಣುತ್ತದೆ. ಯಾರೋ ತೆಗೆದುಕೊಂಡು ಹೋಗಿದ್ದಾರೆ ಅಂತ ಕೂಡಲೇ ತಿಳಿಯುತ್ತದೆ.

ದೃಶ್ಯ: ಒಂದೇ ಮೇಜು, ಹಳದಿ ಬೆಳಕಿನಲ್ಲಿ, ಆಮೇಲೆ ಬಿಳಿ ಬೆಳಕಿನಲ್ಲಿ.

ಬೆಳಕು ಕೆಟ್ಟರೆ ಇದೆಲ್ಲ ವ್ಯರ್ಥ. ಕಿಟಕಿ ನಿಮ್ಮ ಪಕ್ಕಕ್ಕಿರಲಿ. ಎದುರಿಗಿದ್ದರೆ ಕಣ್ಣು ಕುಕ್ಕುತ್ತದೆ, ಬೆನ್ನಿಗಿದ್ದರೆ ಪರದೆಯಲ್ಲಿ ಪ್ರತಿಬಿಂಬ ಬೀಳುತ್ತದೆ, ವಿಡಿಯೋ ಕಾಲ್‌ನಲ್ಲಿ ಮುಖ ಕಪ್ಪಾಗುತ್ತದೆ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಅಂಕಿ ಇರುತ್ತದೆ. 2700 ಅಂದರೆ ಹಳದಿ ಬೆಳಕು, 4000 ಹೆಚ್ಚುಕಡಿಮೆ ಬಿಳಿ, 6500 ನೀಲಿ ಛಾಯೆಯ ಬಿಳಿ. ಕೆಲಸದ ಮೇಜಿಗೆ 4000 ಸರಿ. ಮೇಜಿನ ದೀಪ ನೀವು ಬರೆಯುವ ಕೈಗೆ ಎದುರು ಬದಿಯಲ್ಲಿರಲಿ, ಆಗ ಕೈಯ ನೆರಳು ಕಾಗದದ ಮೇಲೆ ಬೀಳುವುದಿಲ್ಲ. ಆ ದೀಪ ಕೊಕ್ಕರೆಯ ಆಕಾರದ್ದೇ ಇರಲಿ, ನನಗೆ ಬಲು ಇಷ್ಟ. ಆದರೆ ಕತ್ತು ಬಗ್ಗಬೇಕು, ತಿರುಗಬೇಕು. ಬಗ್ಗದ ಕೊಕ್ಕರೆ ಬರೀ ಗೊಂಬೆ. ದೀಪದ ಸರ ಬೇಕೇ ಅಂದರೆ ಶೆಲ್ಫಿನ ಒಳಗೆ ಕಟ್ಟಿ, ಕೆಲಸ ಮುಗಿದ ಮೇಲೆ ಹಚ್ಚಿ.

ಕೋಣೆ ಮಾರ್ದನಿಸುತ್ತಿದ್ದರೆ ಕಿಟಕಿಗೆ ದಪ್ಪ ಬಟ್ಟೆಯ ಪರದೆ, ನೆಲಕ್ಕೊಂದು ಕಾರ್ಪೆಟ್ ಹಾಕಿ. ಎಳೆ ಗಿಡ್ಡ ಇರುವ ಕಾರ್ಪೆಟ್ಟೇ ಆಗಬೇಕು, ಇಲ್ಲದಿದ್ದರೆ ಕುರ್ಚಿಯ ಚಕ್ರ ಹೂತುಕೊಳ್ಳುತ್ತದೆ. ವೈರುಗಳನ್ನು ಮೇಜಿನ ಅಡಿಗೆ ವೆಲ್ಕ್ರೋ ಪಟ್ಟಿಯಿಂದ ಕಟ್ಟಿ.

ದೃಶ್ಯ: ಗೋಡೆಯ ಮೇಲೆ ಟೇಪಿನಿಂದ ಅಂಟಿಸಿದ ಹಳೆಯ ಪೇಪರಿನ ತುಂಡುಗಳು.

ಇಷ್ಟು ಕೇಳಿ ಈಗಲೇ ಸುತ್ತಿಗೆ ಎತ್ತಿಕೊಳ್ಳಬೇಡಿ. ಚಿತ್ರ, ಪೆಗ್‌ಬೋರ್ಡ್, ಶೆಲ್ಫು ಎಲ್ಲದರ ಅಳತೆಗೆ ಹಳೆಯ ಪೇಪರ್ ಕತ್ತರಿಸಿ, ಮಾಸ್ಕಿಂಗ್ ಟೇಪಿನಿಂದ ಗೋಡೆಗೆ ಅಂಟಿಸಿ. ಎರಡು ಮೂರು ದಿನ ಅಲ್ಲೇ ಕೂತು ಎಂದಿನಂತೆ ಕೆಲಸ ಮಾಡಿ. ಕತ್ತರಿಯ ಜಾಗ ಕೂತಲ್ಲಿಂದಲೇ ಕೈಗೆ ಎಟುಕುತ್ತದೆಯೇ, ಶೆಲ್ಫಿನ ಮೂಲೆ ತಲೆಗೆ ಬಡಿಯುತ್ತದೆಯೇ, ಪಕ್ಕದ ಗೋಡೆ ನೋಡಲು ಕತ್ತು ಜಾಸ್ತಿ ತಿರುಗಿಸಬೇಕೇ, ಎಲ್ಲ ಗೊತ್ತಾಗುತ್ತದೆ. ಸರಿ ಕಾಣದ ಪೇಪರನ್ನು ಕಿತ್ತು ಬೇರೆ ಕಡೆ ಅಂಟಿಸಿ. ಮೊಳೆ ಹೊಡೆಯುವುದು ಅದಾದ ಮೇಲೆ.