ಗುಂಡು ಹಾರುವುದಕ್ಕೆ ಮುಂಚೆ: ‘ಸಿಕಾರಿಯೋ’ ಕುರಿತು ಒಂದು ಮಾತು

ಎಲ್ಲರಿಗೂ ನಮಸ್ಕಾರ. ಇವತ್ತು ಒಂದೇ ಸಿನಿಮಾ ಹಿಡಿದುಕೊಂಡು ಮಾತಾಡುತ್ತೇನೆ. ಡೆನಿ ವಿಲ್ನೆವ್ ನಿರ್ದೇಶನದ ‘ಸಿಕಾರಿಯೋ’, 2015ರದ್ದು. ನೋಡದೇ ಇರುವವರು ಬೇಜಾರು ಮಾಡಿಕೊಳ್ಳಬೇಡಿ, ಕಥೆಯ ಕೊನೆಯನ್ನೂ ಹೇಳಬೇಕಾಗುತ್ತದೆ.

ಅಮೆರಿಕ ಮತ್ತು ಮೆಕ್ಸಿಕೋ ಗಡಿಯ ಡ್ರಗ್ಸ್ ಕಾರ್ಟೆಲ್‌ಗಳ, ಅಂದರೆ ಡ್ರಗ್ಸ್ ಸಾಗಿಸುವ ದೊಡ್ಡ ಗ್ಯಾಂಗ್‌ಗಳ ಕಥೆ. ಕೇಟ್ ಎಂಬ ಎಫ್‌ಬಿಐ ಅಧಿಕಾರಿಯನ್ನು ಸಿಐಎಯವರು ಒಂದು ಗುಟ್ಟಿನ ತಂಡಕ್ಕೆ ಸೇರಿಸಿಕೊಳ್ಳುತ್ತಾರೆ. ಅಲ್ಲಿ ಅಲೆಹಾಂದ್ರೋ ಎಂಬ ಹೆಚ್ಚು ಮಾತಾಡದ ಮನುಷ್ಯ ಇರುತ್ತಾನೆ. ಆ ಪಾತ್ರ ಮಾಡಿದ ಬೆನಿಸಿಯೋ ಡೆಲ್ ಟೋರೋ, ತನಗೆ ಬರೆದಿದ್ದ ಮಾತುಗಳಲ್ಲಿ ಬಹಳಷ್ಟನ್ನು ನಿರ್ದೇಶಕರ ಜೊತೆ ಕೂತು ತೆಗೆಸಿಹಾಕಿದರು. ಒಳ್ಳೆಯದೇ ಆಯ್ತು.

ಇದು ತುಂಬಾ ವಯಲೆಂಟ್ ಸಿನಿಮಾ ಅಂತ ಜನ ಹೇಳುತ್ತಾರೆ. ಹೌದು. ಆದರೆ ಹೊಡೆದಾಟಕ್ಕೆ ಇಲ್ಲಿ ಎಷ್ಟು ಹೊತ್ತು ಕೊಟ್ಟಿದ್ದಾರೆ ಅಂತ ಸ್ವಲ್ಪ ಗಮನಿಸಿ. ಗಡಿ ದಾಟುವ ದೃಶ್ಯ ತಗೊಳ್ಳಿ. ಮೆಕ್ಸಿಕೋದ ಹ್ವಾರೆಸ್ ನಗರದಿಂದ ಒಬ್ಬ ಕೈದಿಯನ್ನು ಕರೆದುಕೊಂಡು ಕಪ್ಪು ಗಾಡಿಗಳ ಸಾಲು ವಾಪಸ್ ಬರುತ್ತಿದೆ, ಮುಂದೆ ಟ್ರಾಫಿಕ್ ಜಾಮ್, ಸುತ್ತ ಸಾಮಾನ್ಯ ಜನರ ಕಾರುಗಳು, ಅದರ ನಡುವೆ ಒಂದು ಕಾರಿನಲ್ಲಿ ಗನ್ ಹಿಡಿದವರು ಕೂತಿರುವುದು ಕಣ್ಣಿಗೆ ಬೀಳುತ್ತದೆ, ಆಮೇಲೆ ಇನ್ನೊಂದು ಕಾರಿನಲ್ಲೂ. ಮುಂದೆ ಹೋಗೋಕಾಗಲ್ಲ, ಹಿಂದೆ ಬರೋಕಾಗಲ್ಲ. ನಮ್ಮನ್ನೂ ಅಲ್ಲೇ ಕಾಯಿಸುತ್ತಾರೆ. ಗುಂಡು ಹಾರುವುದು ಕೆಲವೇ ಸೆಕೆಂಡು. ಇದೆಲ್ಲ ನಾಳೆ ಪೇಪರಿನ ಮುಖಪುಟದಲ್ಲಿ ಬರುತ್ತೆ ಅಂತ ಕೇಟ್ ಹೇಳಿದರೆ, ಗಡಿ ಪಕ್ಕದ ಅಮೆರಿಕದ ಊರು ಎಲ್ ಪಾಸೋದ ಪೇಪರಿನಲ್ಲೂ ಬರಲ್ಲ ಅನ್ನುವ ಉತ್ತರ ಸಿಗುತ್ತದೆ. ಸತ್ತವರನ್ನು ನೋಡಿದಾಗ ಆಗದಷ್ಟು ಭಯ ನನಗೆ ಆ ಉತ್ತರ ಕೇಳಿ ಆಯ್ತು.

ಆ ಕೈದಿಯ ವಿಚಾರಣೆ ಇನ್ನೂ ಭಯಂಕರ. ಅಲೆಹಾಂದ್ರೋ ದೊಡ್ಡದೊಂದು ನೀರಿನ ಕ್ಯಾನ್ ಎತ್ತಿಕೊಂಡು ಒಳಗೆ ಬರುತ್ತಾನೆ. ಮೈಗೆ ಮೈ ತಾಗುವಷ್ಟು ಹತ್ತಿರ ಹೋಗಿ ನಿಲ್ಲುತ್ತಾನೆ. ರೋಜರ್ ಡೀಕಿನ್ಸ್ ಅವರ ಕ್ಯಾಮೆರಾ ಅಲ್ಲಿಂದ ಹೊರಳಿ ನೆಲದಲ್ಲಿರುವ ನೀರು ಹೋಗುವ ಕಿಂಡಿಯನ್ನು ತೋರಿಸುತ್ತದೆ. ಅಷ್ಟೇ. ಮಿಕ್ಕಿದ್ದೆಲ್ಲ ನಮ್ಮ ತಲೆಯಲ್ಲಿ ನಡೆಯುತ್ತದೆ. ಹಿಂಸೆಯನ್ನು ಮಜಾ ಅನ್ನಿಸದ ಹಾಗೆ ತೋರಿಸುವುದು ಅಂದರೆ ಇದೇ ಅಂತ ನಾನು ನಂಬಿದ್ದೇನೆ.

ಈಗ ನನ್ನ ತಕರಾರಿಗೆ ಬರುತ್ತೇನೆ. ಸಿನಿಮಾ ಬಂದಾಗ ಹ್ವಾರೆಸ್‌ನ ಮೇಯರ್ ಸಿಟ್ಟಾಗಿ, ಇದನ್ನು ನೋಡಬೇಡಿ ಅಂತ ಜನರಿಗೆ ಕರೆ ಕೊಟ್ಟಿದ್ದರು. ಆ ಸಿಟ್ಟಿನಲ್ಲಿ ನ್ಯಾಯ ಇದೆ. 2010ರಲ್ಲಿ ಆ ಒಂದೇ ಊರಲ್ಲಿ 3,000ಕ್ಕೂ ಜಾಸ್ತಿ ಕೊಲೆಗಳಾಗಿದ್ದವು ನಿಜ, ಆದರೆ ಸಿನಿಮಾ ಬರುವ ಹೊತ್ತಿಗೆ ಆ ಸಂಖ್ಯೆ ತುಂಬಾ ಇಳಿದಿತ್ತು. ಪರದೆ ಮೇಲೆ ಮಾತ್ರ ಸೇತುವೆಗೆ ನೇತುಹಾಕಿದ ಹೆಣಗಳೇ. ಗಡಿಯ ಆ ಕಡೆ ಬದುಕುವ ಸಾಮಾನ್ಯರ ಪೈಕಿ ನಾವು ಮನೆಯೊಳಗೆ ಹೋಗಿ ನೋಡುವುದು ಸಿಲ್ವಿಯೋ ಎಂಬ ಪೊಲೀಸನನ್ನು. ಅವನು ಡ್ರಗ್ಸ್ ಸಾಗಿಸುವವನೇ, ಆದರೆ ಅವನಿಗೆ ಫುಟ್‌ಬಾಲ್ ಹುಚ್ಚಿನ ಒಬ್ಬ ಮಗ ಇದ್ದಾನೆ. ಅಲೆಹಾಂದ್ರೋ ಅವನಿಂದ ತನ್ನ ಕೆಲಸ ಮಾಡಿಸಿಕೊಂಡು ಅಲ್ಲೇ ಗುಂಡಿಕ್ಕಿ ಮುಂದೆ ಹೋಗುತ್ತಾನೆ. ಆ ಮನೆಗೆ ಇನ್ನೊಂದು ಹತ್ತು ನಿಮಿಷ ಕೊಡಬೇಕಿತ್ತು, ಅಲ್ವಾ?

ಇನ್ನೊಂದು ಕಡೆಯವರು, ಅಂದರೆ ಅಮೆರಿಕದಲ್ಲಿ ಡ್ರಗ್ಸ್ ಕೊಳ್ಳುವವರಂತೂ ಕಾಣುವುದೇ ಇಲ್ಲ. ಶೇ. 20ರಷ್ಟು ಜನ ಡ್ರಗ್ಸ್ ಬಿಡುವ ತನಕ ಏನೂ ಬದಲಾಗಲ್ಲ ಅನ್ನುವ ಅರ್ಥದ ಮಾತನ್ನು ಸಿಐಎಯ ಮ್ಯಾಟ್ ಹೇಳುತ್ತಾನೆ. ಸರಿ, ಆ ಜನ ಎಲ್ಲಿ? ಡ್ರಗ್ಸ್ ಉತ್ತರಕ್ಕೆ ಹೋಗುತ್ತದೆ, ದುಡ್ಡು ಮತ್ತು ಬಂದೂಕು ಅಲ್ಲಿಂದ ದಕ್ಷಿಣಕ್ಕೆ ಬರುತ್ತವೆ. ಕೊಳ್ಳುವವನ ಮನೆಯ ಬಾಗಿಲು ಈ ಸಿನಿಮಾದಲ್ಲಿ ಒಮ್ಮೆಯೂ ತೆರೆಯುವುದಿಲ್ಲ. 2000ದಲ್ಲಿ ಬಂದ ‘ಟ್ರಾಫಿಕ್’ ತೆರೆದಿತ್ತು. ಡ್ರಗ್ಸ್ ವಿರುದ್ಧದ ಹೋರಾಟಕ್ಕೆ ಮುಖ್ಯಸ್ಥನಾದವನ ಸ್ವಂತ ಮಗಳೇ ಅದಕ್ಕೆ ದಾಸಳಾಗಿರುವುದನ್ನು ಅದು ತೋರಿಸಿತ್ತು. ಅದರಲ್ಲಿ ಮೆಕ್ಸಿಕೋ ಪೊಲೀಸನ ಪಾತ್ರಕ್ಕೆ ಇದೇ ಡೆಲ್ ಟೋರೋಗೆ ಆಸ್ಕರ್ ಬಂತು. ಸಾಧ್ಯವಾದರೆ ಎರಡನ್ನೂ ಒಂದರ ಹಿಂದೆ ಒಂದು ನೋಡಿ, ‘ಟ್ರಾಫಿಕ್’ ಮೊದಲು. ಈಗ ನಿಮ್ಮ ಪ್ರಶ್ನೆಗಳು, ಕೇಳಿ.