ಕೇಳಿಸದಿದ್ದರೆ ಮೊದಲು ಇಳಿಸಿ

ಕೇಳುಗರಿಗೆ ನಮಸ್ಕಾರ. ನಾನು ಮಾತು ಮುಂದುವರಿಸುವ ಮೊದಲು ನೀವು ಒಂದು ಕೆಲಸ ಮಾಡಬೇಕು. ನಿಮ್ಮ ರೇಡಿಯೊದ ಧ್ವನಿಯನ್ನು ಒಂದಿಷ್ಟು ತಗ್ಗಿಸಿ. ಇನ್ನೂ ಒಂದಿಷ್ಟು. ಮೊದಲ ಎರಡು ಮಾತು ತಪ್ಪಿಹೋದಂತೆ ಅನ್ನಿಸುತ್ತದೆ. ಆಮೇಲೆ ಕಿವಿ ತಾನಾಗಿಯೇ ಮುಂದೆ ಬಾಗುತ್ತದೆ. ಈಗ ನೀವು ನನ್ನ ಮಾತನ್ನು ಮೊದಲಿಗಿಂತ ಗಮನವಿಟ್ಟು ಕೇಳುತ್ತಿದ್ದೀರಿ. ನಾನು ಇಂದು ಹೇಳಲು ಬಂದಿರುವುದು ಇಷ್ಟೇ: ಕೇಳಿಸದಿದ್ದರೆ ಏರಿಸಬೇಡಿ, ಮೊದಲು ಇಳಿಸಿ.

ಮೂವತ್ತೆರಡು ವರ್ಷಗಳಿಂದ ನನ್ನದು ಮೈಕ್ ಸೆಟ್ಟಿನ ಕೆಲಸ. ರಾಮನವಮಿಯ ಕಚೇರಿ, ಗಣೇಶೋತ್ಸವದ ವಾದ್ಯಗೋಷ್ಠಿ, ಮದುವೆ, ಹರಿಕಥೆ, ಶಾಲೆಯ ವಾರ್ಷಿಕೋತ್ಸವ ಎಲ್ಲಕ್ಕೂ ಸ್ಪೀಕರ್ ಹೊತ್ತಿದ್ದೇನೆ. ಈ ಮೂವತ್ತೆರಡು ವರ್ಷಗಳಲ್ಲಿ ನನ್ನ ಹತ್ತಿರ ಬಂದು 'ಸ್ವಲ್ಪ ಏರಿಸಿ' ಎಂದವರನ್ನು ಎಣಿಸಲಾರೆ. 'ಸ್ವಲ್ಪ ಇಳಿಸಿ' ಎಂದವರನ್ನು ಬೆರಳಲ್ಲಿ ಎಣಿಸುತ್ತೇನೆ. ಅವರಲ್ಲಿ ಒಬ್ಬರ ಕಥೆಯನ್ನು ಹೇಳಲೇಬೇಕು.

ನಾನು ಆಗ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಒಂದು ತಾಲ್ಲೂಕು ಕೇಂದ್ರದ ದೇವಸ್ಥಾನದ ಪ್ರಾಂಗಣದಲ್ಲಿ ವೀಣಾ ಕಚೇರಿ. ಜೊತೆಗೆ ಮೃದಂಗ ಮತ್ತು ಘಟ. ವೀಣೆಯ ಧ್ವನಿ ಎಷ್ಟು ಸಣ್ಣದು ಎಂಬುದು ಹತ್ತಿರ ಕುಳಿತು ಕೇಳಿದವರಿಗೆ ಗೊತ್ತು. ಮೀಟಿದ ಕ್ಷಣದಲ್ಲಿ ಒಂದು ನಾದ, ಆಮೇಲೆ ತಂತಿಯನ್ನು ಮೆಟ್ಟಿಲ ಮೇಲೆ ಎಳೆದಾಗ ಉಳಿದ ನಾದದೊಳಗೇ ಸುಳಿಯುವ ಗಮಕ, ಅಂದರೆ ಸ್ವರದ ಬಳುಕು. ಸಂಗೀತವೆಲ್ಲ ಇರುವುದು ಆ ಎರಡನೆಯದರಲ್ಲಿ, ಸದ್ದು ಆರುತ್ತಾ ಹೋಗುವ ಆ ಹೊತ್ತಿನಲ್ಲಿ.

ಕಚೇರಿಯ ಮೊದಲ ರಚನೆಯಾದ ವರ್ಣ ಶುರುವಾಯಿತು. ಮೃದಂಗದವರು ನನ್ನತ್ತ ನೋಡಿ ಬೆರಳನ್ನು ಮೇಲೆತ್ತಿದರು: ಅವರ ಪಕ್ಕದ ಮಾನಿಟರಿನಲ್ಲಿ, ಅಂದರೆ ಕಲಾವಿದರು ಕೇಳಿಸಿಕೊಳ್ಳಲೆಂದು ವೇದಿಕೆಯ ಮೇಲಿಡುವ ಸ್ಪೀಕರಿನಲ್ಲಿ, ವೀಣೆ ಕೇಳಿಸುತ್ತಿಲ್ಲ. ಏರಿಸಿದೆ. ಘಟದವರೂ ಬೆರಳೆತ್ತಿದರು. ಏರಿಸಿದೆ. ಈಗ ವೀಣೆಯ ವಿದುಷಿಗೆ ತಮ್ಮ ವೀಣೆಯೇ ಕೇಳಿಸದಾಯಿತು. ಅದನ್ನೂ ಏರಿಸಿದೆ. ವ್ಯವಸ್ಥಾಪಕರು ಪಂಚೆ ಎತ್ತಿ ಕಟ್ಟಿಕೊಂಡು ಓಡಿಬಂದು, 'ಏನಯ್ಯಾ, ಹಿಂದೆ ಕುಳಿತವರಿಗೆ ಏನೂ ಕೇಳಿಸುತ್ತಿಲ್ಲ, ಏರಿಸು' ಎಂದರು. ಹೊರಗಿನ ಸ್ಪೀಕರನ್ನೂ ಏರಿಸಿದೆ. ಆ ಗದ್ದಲದಲ್ಲಿ ಮೃದಂಗದವರ ಕೈ ಬಿರುಸಾಯಿತು, ಅದನ್ನು ಕಂಡು ಘಟದವರದೂ ಬಿರುಸಾಯಿತು. ಸ್ಪೀಕರಿನಿಂದ ಹೊರಟ ಧ್ವನಿ ತಿರುಗಿ ಮೈಕಿಗೆ ನುಗ್ಗಿ, ಮತ್ತೆ ಸ್ಪೀಕರಿಗೆ ಬಂದು, ಮತ್ತೆ ಮೈಕಿಗೆ ನುಗ್ಗಿ, ಕೀ ಎಂದು ಕಿರುಚಿಕೊಂಡಿತು. ನಾವು ಅದನ್ನು ಹೌಲಿಂಗ್ ಎನ್ನುತ್ತೇವೆ. ಮುಂದಿನ ಸಾಲಿನ ಮಕ್ಕಳು ಕಿವಿ ಮುಚ್ಚಿಕೊಂಡರು.

ವಿದುಷಿ ನುಡಿಸುವುದನ್ನು ನಿಲ್ಲಿಸಿದರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ. 'ನೋಡಪ್ಪ, ಎಲ್ಲವನ್ನೂ ಸೊನ್ನೆಗೆ ತಂದುಬಿಡು. ಮೊದಲು ನಾವು ಮೂವರೂ ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುತ್ತೇವೆ' ಎಂದರು. ಮೃದಂಗದವರನ್ನೂ ಘಟದವರನ್ನೂ ಒಂದೊಂದು ಮೊಳ ಹತ್ತಿರಕ್ಕೆ ಕರೆದು ಕೂರಿಸಿಕೊಂಡರು. ಮತ್ತೆ ವರ್ಣವನ್ನು ಮೊದಲಿನಿಂದ ಎತ್ತಿಕೊಂಡರು, ಮೈಕ್ ಇಲ್ಲದೆ. ವೀಣೆ ಕಿವಿಗೆ ಬೀಳುತ್ತಿದ್ದಂತೆ ಮೃದಂಗದವರ ಕೈ ತಾನಾಗಿಯೇ ಮೆತ್ತಗಾಯಿತು. ಯಾರೂ ಅವರಿಗೆ ಹೇಳಲಿಲ್ಲ. ಕೇಳಿಸಿತು, ಆದ್ದರಿಂದ ಇಳಿಸಿದರು. ಪ್ರಾಂಗಣದಲ್ಲಿ ಮಾತನಾಡುತ್ತಿದ್ದವರೂ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಆಮೇಲೆ ವಿದುಷಿ ನನಗೆ ಕಣ್ಣಲ್ಲೇ ಸನ್ನೆ ಮಾಡಿದರು. ಹೊರಗಿನ ಸ್ಪೀಕರನ್ನು ಕೂದಲೆಳೆಯಷ್ಟು ತೆರೆದೆ. ಮಾನಿಟರನ್ನು ಕೊನೆಯವರೆಗೂ ಮುಟ್ಟಲಿಲ್ಲ.

ಅರ್ಧ ಗಂಟೆಯ ನಂತರ ವ್ಯವಸ್ಥಾಪಕರು ಮತ್ತೆ ಬಂದು, 'ಈಗ ನೋಡು, ಕೊನೆಯ ಕಂಬದವರೆಗೂ ಎಷ್ಟು ಸ್ಪಷ್ಟವಾಗಿ ಕೇಳಿಸುತ್ತಿದೆ, ನಾನು ಏರಿಸು ಎಂದು ಆಗಲೇ ಹೇಳಲಿಲ್ಲವೇ' ಎಂದರು. ಆಗ ಧ್ವನಿ ಮೊದಲಿನ ಅರ್ಧಕ್ಕಿಂತಲೂ ಕಡಿಮೆ ಇತ್ತು. ಕೇಳಿಸದಿದ್ದರೆ ಮೊದಲು ಇಳಿಸಬೇಕು ಎಂಬುದನ್ನು ನಾನು ಕಲಿತದ್ದು ಆ ರಾತ್ರಿ.

ಒಂದು ಮಾತು ಒಪ್ಪುತ್ತೇನೆ. ಸಂಗೀತ ದೂರಕ್ಕೆ ಕೇಳಿಸಬೇಕೆಂಬ ಆಸೆ ತಪ್ಪಲ್ಲ. ನಮ್ಮ ತಿರುಮಕೂಡಲು ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳು ತಂತಿಯದನ್ನು ರೂಪಿಸಿದ್ದು ಇದೇ ಆಸೆಯಿಂದ. ಮೈಕ್ ಇಲ್ಲದ ಕಾಲದಲ್ಲಿ ದೊಡ್ಡ ಸಭೆಯ ಕೊನೆಯವರೆಗೂ ಪಿಟೀಲಿನ ನಾದ ಮುಟ್ಟಬೇಕಿತ್ತು. ಆದರೆ ಅವರು ಸೇರಿಸಿದ್ದು ನಾದವನ್ನು. ನಾವು ಈಗ ಸೇರಿಸುತ್ತಿರುವುದು ಬರೀ ಸದ್ದನ್ನು.

ಇನ್ನು ಹದಿನೈದು ದಿನಕ್ಕೆ ಗಣೇಶ ಚೌತಿ. ಯುವಕ ಸಂಘಗಳವರು ಈಗಾಗಲೇ ಪೆಂಡಾಲಿಗೆ, ವಾದ್ಯಗೋಷ್ಠಿಗೆ ಮುಂಗಡ ಕೊಟ್ಟಿರುತ್ತೀರಿ. ನಿಮಗಾಗಿಯೇ ಈ ಮಾತು. ವೇದಿಕೆಯ ಎರಡೂ ಬದಿಯಲ್ಲಿ ಗೋಡೆಯಂತೆ ಸ್ಪೀಕರ್ ಪೇರಿಸಿದರೆ ಏನಾಗುತ್ತದೆ? ಬಯಲಿನಲ್ಲಿ ದೂರ ಎರಡರಷ್ಟಾದಾಗಲೆಲ್ಲ ಧ್ವನಿ 6 ಡೆಸಿಬೆಲ್ ಇಳಿಯುತ್ತದೆ. ಒಂದು ಮೀಟರ್ ದೂರದಲ್ಲಿ 110 ಇದ್ದದ್ದು ಹದಿನಾರು ಮೀಟರಿಗೆ 86 ಆಗಿರುತ್ತದೆ. ಹಿಂದಿನವರಿಗೆ ಕೇಳಿಸಲೆಂದು ಏರಿಸಿದ್ದನ್ನೆಲ್ಲ ತಡೆದುಕೊಳ್ಳುವುದು ಮುಂದಿನ ಸಾಲಿನವರ ಕಿವಿ. 85 ಡೆಸಿಬೆಲ್ಲನ್ನು ಕಿವಿ ಎಂಟು ಗಂಟೆ ತಾಳುತ್ತದೆ. ಅಲ್ಲಿಂದ ಮೂರು ಡೆಸಿಬೆಲ್ ಏರಿದಾಗಲೆಲ್ಲ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 100ಕ್ಕೆ ಬಂದರೆ ಕಾಲು ಗಂಟೆ ಅಷ್ಟೇ. ಮೂರು ಗಂಟೆಯ ವಾದ್ಯಗೋಷ್ಠಿಯಲ್ಲಿ ಕಾಲು ಗಂಟೆ ಎಂದರೆ ಮೂರನೇ ಹಾಡು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ.

ಅದರ ಬದಲು ನಾಲ್ಕು ಸಣ್ಣ ಸ್ಪೀಕರುಗಳನ್ನು ಬೀದಿಯುದ್ದಕ್ಕೂ ಅಲ್ಲಲ್ಲಿ ಇಡಿ. ನಿಂತವರ ತಲೆಗಿಂತ ಎತ್ತರದಲ್ಲಿ ಕಟ್ಟಿ, ಮುಖವನ್ನು ಸ್ವಲ್ಪ ಕೆಳಗೆ ಬಾಗಿಸಿ. ನಾಲ್ಕನ್ನೂ ಮೆಲ್ಲಗೆ ಇಡಿ. ಗಾಯಕನ ಹಾಡು ಸ್ಪಷ್ಟವಾಗಿಲ್ಲ ಎಂದರೆ ಗಾಯಕನ ಮೈಕನ್ನು ಏರಿಸಬೇಡಿ, ಕೀಬೋರ್ಡನ್ನೂ ರಿದಂ ಪ್ಯಾಡನ್ನೂ ಇಳಿಸಿ. ಹಾಡು ಆಗಲೇ ಅಲ್ಲಿರುತ್ತದೆ, ಅದರ ಮೇಲೆ ಬಿದ್ದಿರುವುದನ್ನು ತೆಗೆದರೆ ಸಾಕು. ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಬಳಸಬಾರದೆಂಬ ನಿಯಮ 2000ನೇ ಇಸವಿಯಿಂದ ಇದೆ. ಪೊಲೀಸರು ಬಂದ ಮೇಲೆ ಪಾಲಿಸುವ ನಿಯಮ ಅದಲ್ಲ.

ಮದುವೆ ಮನೆಯ ಬಗ್ಗೆ ಹೇಳಬೇಕೆಂದಿದ್ದೆ, ಹೊತ್ತು ಸಾಲದು. ಹತ್ತು ವರ್ಷಗಳ ನಂತರ ಎದುರಾದ ಸೋದರತ್ತೆಯ ಕುಶಲವನ್ನು ಕಿವಿಯ ಬಳಿ ಕೂಗಿ ಕೇಳಬೇಕಾಗಿ ಬಂದರೆ, ಆರತಕ್ಷತೆಯ ಹಾಡುಗಳನ್ನು ಇಳಿಸುವಂತೆ ಹೇಳುವ ಹಕ್ಕು ನಿಮಗಿದೆ. ಹೋಗಿ ಹೇಳಿ. ಬಸ್ಸಿನಲ್ಲಿ ಇಯರ್‌ಫೋನ್ ಇಲ್ಲದೆ ಮೊಬೈಲಿನ ಹಾಡನ್ನು ಎಲ್ಲರಿಗೂ ಕೇಳಿಸುವ ತಮ್ಮಂದಿರಿಗೂ ಅದೇ ಮಾತು. ನಿಮ್ಮ ಹಾಡು ಒಳ್ಳೆಯದೇ ಇರಬಹುದು. ಆದರೆ ಆ ಪುಟ್ಟ ಸ್ಪೀಕರಿನಲ್ಲಿ ಅದರ ತಬಲಾ ಇಲ್ಲ, ಬಾಸ್ ಇಲ್ಲ. ಪಕ್ಕದವರಿಗೆ ಮುಟ್ಟುವುದು ಚರಚರ ಸದ್ದು ಮಾತ್ರ.

ಕೊನೆಯದಾಗಿ ತಂದೆಯಂದಿರಲ್ಲಿ ಒಂದು ಕೋರಿಕೆ. ವಿಸರ್ಜನೆಯ ಮೆರವಣಿಗೆಯಲ್ಲಿ ಮಗುವಿಗೆ ಗಣಪ ಕಾಣಿಸಲೆಂದು ಹೆಗಲ ಮೇಲೆ ಕೂರಿಸಿಕೊಳ್ಳುತ್ತೀರಿ. ಲಾರಿಯ ಮೇಲೆ ಕಟ್ಟಿದ ಸ್ಪೀಕರಿನ ಬಾಯಿಗೆ ಆಗ ನೇರವಾಗಿ ಬರುವುದು ನಿಮ್ಮ ಕಿವಿಯಲ್ಲ, ಆ ಮಗುವಿನ ಕಿವಿ. ಲಾರಿ ಹತ್ತಿರ ಬಂದಾಗ ಮಗುವನ್ನು ಕೆಳಗಿಳಿಸಿ. ಲಾರಿ ಇಪ್ಪತ್ತು ಹೆಜ್ಜೆ ಮುಂದೆ ಹೋಗಲಿ, ಆಮೇಲೆ ಮತ್ತೆ ಎತ್ತಿಕೊಳ್ಳಿ. ಗಣಪ ಅಲ್ಲಿಂದಲೂ ಚೆನ್ನಾಗಿ ಕಾಣಿಸುತ್ತಾನೆ.

ನಮಸ್ಕಾರ.